ಡ್ರೇನ್ ನಟ್ಟಿಗೆ ಅಂಟ್ಕೊಂಡಿದ್ದು

ತೋರಣಗಲ್ಲು ದಾಟಿ ಬಳ್ಳಾರಿ ಕಡೆ ಬರ್ಬೇಕಾದ್ರೆ ಗಾಡಿ ಐವತ್ತೈದು ಮುಟ್ಟಿತು ಅಂದ್ರೆ ಹಿಂದಿನ ಸೀಟಿನ ಕೆಳಗಿಂದ ಒಂದು ಸೌಂಡ್ ಶುರು. ಹುಂಯ್ ಅಂತ, ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ಓಡ್ತಿದ್ದಂಗೆ. ಆಕ್ಸಿಲೇಟರ್ ತುಳಿದ್ರೆ ಏರುತ್ತೆ, ಕಾಲು ತೆಗೆದ್ರೆ ದನಿ ಬದಲಾಗಿ ಗೊಣಗುತ್ತೆ. ನಾನು ಮಡ್ ಟೈರಿನ ಸೌಂಡು ಬಿಡು ಅಂತ ಮೂರು ತಿಂಗಳು ತಳ್ಳಿದೆ. ಮನೆಯವಳು ಒಂದಿನ ಸಂಡೂರಿಂದ ವಾಪಸ್ ಬರ್ತಾ "ಏನ್ರೀ, ಗಿರಣಿ ನಮ್ ಹಿಂದ ಹಿಂದನ ಬರ್ತೈತಲ್ಲ" ಅಂದ್ಲು. ಅವತ್ತು ಸ್ವಲ್ಪ ದೂರ ಹೊಸ ಡಾಂಬರು, ಸ್ವಲ್ಪ ದೂರ ಲಾರಿ ಓಡಾಡಿ ಕಿತ್ತೋದ ರೋಡು. ಟೈರ್ ಸೌಂಡಾಗಿದ್ರೆ ರೋಡ್ ಬದಲಾದಂಗೆ ಅದೂ ಬದಲಾಗ್ಬೇಕಿತ್ತು. ಆಗ್ಲಿಲ್ಲ. ಖಾಲಿ ರೋಡಲ್ಲಿ ಸ್ಟೇರಿಂಗ್ ಆ ಕಡೆ ಈ ಕಡೆ ಸ್ವಲ್ಪ ಓಲಾಡಿಸಿ ನೋಡಿದೆ, ವೀಲ್ ಬೇರಿಂಗ್ ಹೋಗಿದ್ರೆ ಭಾರ ಒಂದು ಕಡೆ ಬಿದ್ದಾಗ ಸೌಂಡ್ ಜಾಸ್ತಿ ಆಗಿ ಇನ್ನೊಂದು ಕಡೆ ಬಿದ್ದಾಗ ಕಡಿಮೆ ಆಗುತ್ತೆ. ಅದೂ ಇಲ್ಲ. ಬರೀ ಕಾಲಿನ ಮಾತು ಕೇಳ್ತಾ ಇತ್ತು ಸೌಂಡು. ಅಂದ್ರೆ ಹೌಸಿಂಗ್ ಒಳಗಿಂದೇ, ಎರಡು ಚಕ್ರದ ಮಧ್ಯೆ ಗೇರುಗಳು ಕೂತಿರೋ ಡಬ್ಬ ಅದು.

ಗಾಡಿ ಜಿಪ್ಸಿ ಕಿಂಗ್, ಪೆಟ್ರೋಲ್, 2008ರ ಮಾಡೆಲ್. 2021ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಯಾರ ಹತ್ರ ಅಂತ ಹೇಳಲ್ಲ. ನನ್ನ ಕೆಲಸ ಡ್ರಿಪ್ ಹಾಕಿಸೋದು, ಆಮೇಲೆ ಅದು ಕಟ್ಕೊಂಡಾಗ ಬೈಸ್ಕೊಳ್ಳೋದು. ಸಂಡೂರು, ಕುರುಗೋಡು, ಕಂಪ್ಲಿ, ಸಿರುಗುಪ್ಪ, ಕೆಲವು ಸಲ ಹೊಳೆ ದಾಟಿ ಗಂಗಾವತಿ. ಎರೆ ಹೊಲದಲ್ಲಿ ಒಂದು ಮಳೆ ಬಿದ್ರೆ ಬೈಕ್ ಬಿಡ್ರಿ, ಮನುಷ್ಯ ನಡೆದ್ರೆ ಚಪ್ಪಲಿ ಅಲ್ಲೇ ಬಿಟ್ಟು ಬರ್ಬೇಕು. ಅದಕ್ಕೆ ಫೋರ್ ವೀಲ್ ಗಾಡಿ ಬೇಕಿತ್ತು, ಶೋಕಿಗಲ್ಲ. (ಸ್ವಲ್ಪ ಶೋಕಿಗೂ ಹೌದು.)

ರೈತರಿಗೆ ನಾನು ದಿನಾ ಹೇಳೋ ಪಾಠ ಒಂದೇ. ಡ್ರಿಪ್ ಕಟ್ಕೊಂಡೈತಿ ಬರ್ರಿ ಅಂತ ಫೋನ್ ಮಾಡ್ತಾರೆ, ನಾನು ಹೋಗೋದ್ರೊಳಗೆ ಫಿಲ್ಟರ್ ಬಿಚ್ಚಿ ಪೈಪ್ ಹಿಡಿದು ಫಳಫಳ ತೊಳೆದಿಟ್ಟಿರ್ತಾರೆ. ಸಾಹೇಬ್ರು ಬರ್ತಾರಂತ ಮನೆ ಸಾರಿಸಿದಂಗೆ. ತೊಳಿಬ್ಯಾಡ್ರಿ ಮಾರಾಯ್ರೇ, ಫಿಲ್ಟರಲ್ಲಿ ಏನಿತ್ತು ಅನ್ನೋದೇ ನನಗೆ ಬೇಕು ಅಂತೀನಿ. ಮರಳಿದ್ರೆ ಬೋರಿನ ಕತೆ, ಹಸಿರು ಲೋಳೆ ಇದ್ರೆ ಹೊಂಡದ ಪಾಚಿ, ಬಿಳಿ ಪುಡಿ ಇದ್ರೆ ನೀರಲ್ಲಿ ಸುಣ್ಣ ಇದೆ, ಆಸಿಡ್ ಬಿಡ್ಬೇಕು, ಕೆಂಪು ಲೋಳೆ ಇದ್ರೆ ನೀರಲ್ಲಿ ಕಬ್ಬಿಣ. ತೊಳೆದುಬಿಟ್ರೆ ಎಲ್ಲಾ ಫಿಲ್ಟರೂ ಒಂದೇ ಮುಖ. ಇಷ್ಟೆಲ್ಲಾ ಹೇಳೋ ನನಗೆ, ಮೂರು ವರ್ಷದಲ್ಲಿ ಮೂರು ಸಲ ಗೇರ್ ಆಯಿಲ್ ಚೇಂಜ್ ಮಾಡ್ಸಿದ್ಯಲ್ಲ, ಹಳೇ ಆಯಿಲ್ ಯಾವ ಬಣ್ಣ ಇತ್ತಪ್ಪ ಅಂತ ಕೇಳಿದ್ರೆ ಗೊತ್ತಿಲ್ಲ. ಹುಡುಗ ನಟ್ ಬಿಚ್ಚಿದ, ಆಯಿಲ್ ಬಿಟ್ಟ, ನಟ್ಟನ್ನ ವೇಸ್ಟ್ ಬಟ್ಟೇಲಿ ಒರೆಸಿ ಹಾಕ್ದ, ಹೊಸದು ತುಂಬ್ದ. ನಾನು ಎದುರುಗಡೆ ನಿಂತು ಒಗ್ಗಾಣಿ ಮಿರ್ಚಿ ತಿಂತಾ ಇದ್ದೆ.

ಈ ಸಲ ಮನೆ ಮುಂದೆ ನಾನೇ ಬಿಚ್ಚೋದು ಅಂತ ಕೂತೆ. ಭಾನುವಾರ ಬೆಳಿಗ್ಗೆ, ಬಿಸಿಲು ಏರೋಕೆ ಮುಂಚೆ. ಹತ್ತು ಕಿಲೋಮೀಟರ್ ಓಡಿಸಿ ಬಂದು ಆಯಿಲ್ ಬೆಚ್ಚಗಿರೋವಾಗ್ಲೇ ಕೆಳಗೆ ತೂರಿದೆ, ತಣ್ಣಗಿದ್ರೆ ಚೂರುಗಳೆಲ್ಲ ತಳದಲ್ಲಿ ಕೂತ್ಕೊಂಡು ಬರೀ ಮೇಲಿನ ತಿಳಿ ಬರುತ್ತೆ. ಒಂದು ಮಾತು, ಇದು ನಾನು ಬುದ್ಧಿವಂತಿಕೆಯಿಂದ ಮಾಡಿದ್ದಲ್ಲ, ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಹೇಳಿಕೊಟ್ಟಿದ್ದು: ಮೊದಲು ಆಯಿಲ್ ತುಂಬೋ ಮೇಲಿನ ನಟ್ ಬಿಚ್ಚು, ಅದು ಬಿಚ್ಚಿಕೊಂಡ ಮೇಲೇನೇ ಕೆಳಗಿನದಕ್ಕೆ ಕೈ ಹಾಕು. ಕೆಳಗಿಂದ ಎಲ್ಲಾ ಬಿಟ್ಟಾದ ಮೇಲೆ ಮೇಲಿನ ನಟ್ ತುಕ್ಕು ಹಿಡಿದು ಬರ್ಲಿಲ್ಲ ಅಂದ್ರೆ ಗಾಡಿ ಹಂಗೇ ಒಣಗಿಕೊಂಡು ಮನೆ ಮುಂದೆ ನಿಲ್ಲುತ್ತೆ. ನನ್ನ ಮುಂದಿನ ಹೌಸಿಂಗ್ ಮೇಲಿನ ನಟ್ ಬರೋಕೆ ಮುಕ್ಕಾಲು ಗಂಟೆ, ಪಾನಾ ಮೇಲೆ ಪೈಪ್ ಹಾಕಿ ಜಗ್ಗಿದ್ದು.

ಜಿಪ್ಸೀಲಿ ಆಯಿಲ್ ಇರೋ ಡಬ್ಬ ನಾಲ್ಕು. ಗೇರ್ ಬಾಕ್ಸು, ಅದರಿಂದ ಬೇರೆಯಾಗಿ ಹಿಂದೆ ಕೂತಿರೋ ಟ್ರಾನ್ಸ್‌ಫರ್ ಕೇಸು (ಇಂಜಿನ್ ಶಕ್ತೀನ ಮುಂದಕ್ಕೂ ಹಿಂದಕ್ಕೂ ಹಂಚೋದು ಇದು, ಗೇರ್ ಬಾಕ್ಸಿಗೂ ಇದಕ್ಕೂ ಮಧ್ಯೆ ಒಂದು ಗಿಡ್ಡ ಶಾಫ್ಟ್ ಇರುತ್ತೆ), ಮುಂದಿನ ಹೌಸಿಂಗು, ಹಿಂದಿನ ಹೌಸಿಂಗು. ಒಂದರ ಆಯಿಲ್ ಇನ್ನೊಂದಕ್ಕೆ ಹೋಗಲ್ಲ. ಅದಕ್ಕೆ ನಾಲ್ಕೂ ಬೇರೆ ಬೇರೆ ಹಿಡೀಬೇಕು, ಒಂದೇ ಬಕೆಟ್‌ಗೆ ಬಿಟ್ರೆ ಯಾರ ಮನೆ ಕಸ ಯಾವುದು ಅಂತ ಗೊತ್ತಾಗಲ್ಲ. ಮೊಸರಿನ ಬಿಳಿ ಡಬ್ಬಿ ನಾಲ್ಕು ತಗೊಂಡೆ, ಬಿಳೀದೇ ಯಾಕಂದ್ರೆ ಬಣ್ಣ ಎದ್ದು ಕಾಣುತ್ತೆ. ಪ್ರತಿ ಡಬ್ಬದಿಂದ್ಲೂ ಮೊದಲು ಬೀಳೋ ಧಾರೇನ ಮೊಸರಿನ ಡಬ್ಬಿಗೆ ಹಿಡಿದು ಮಿಕ್ಕಿದ್ದನ್ನ ಬಕೆಟ್‌ಗೆ ಬಿಟ್ಟೆ, ಮಾರ್ಕರಲ್ಲಿ ಬರೆದು ಕಾಂಪೌಂಡ್ ಮೇಲೆ ಸಾಲಾಗಿ ಇಟ್ಟೆ. ಪಕ್ಕದ ಮನೆಯವರು ಏನ್ ಕಾಫಿ ಮಾಡಿಟ್ಟೀರಿ ಅಂದ್ರು.

ಅವರು ಹೇಳಿದ್ದು ತಮಾಷೆಗೆ, ಆದ್ರೆ ಮುಂದಿನ ಹೌಸಿಂಗ್ ಡಬ್ಬಿ ನಿಜವಾಗ್ಲೂ ಕಾಫಿನೇ. ಹಾಲು ಜಾಸ್ತಿ ಹಾಕಿದ ಕಾಫಿ, ಅದರಲ್ಲೂ ಸ್ವಲ್ಪ ಕೆಂಪು. ಹೊಸ ಗೇರ್ ಆಯಿಲ್ ಜೇನಿನ ಬಣ್ಣ ಇರುತ್ತೆ, ಓಡಿ ಓಡಿ ಕಪ್ಪಗಾದ್ರೂ ಬೆಳಕಿಗೆ ಹಿಡಿದಾಗ ಅಂಚಲ್ಲಿ ಕಂದು ತೋರಿಸುತ್ತೆ, ಕಪ್ಪಾದ ಮಾತ್ರಕ್ಕೆ ಹೆದರೋದು ಬೇಡ. ಹಾಲಿನಂಗಾದ್ರೆ ಅದರಲ್ಲಿ ಗಾಳಿ ಇದೆ ಇಲ್ಲಾ ನೀರಿದೆ. ಗಾಳಿ ನೊರೆ ಆದ್ರೆ ಸ್ವಲ್ಪ ಹೊತ್ತು ಬಿಟ್ರೆ ತಾನೇ ತಿಳಿ ಆಗುತ್ತೆ. ಇದು ಸಾಯಂಕಾಲದವರೆಗೂ ಆಗ್ಲಿಲ್ಲ. ಆದ್ರೂ ನನಗೆ ಗ್ಯಾರಂಟಿ ಬೇಕಿತ್ತು, ಅದಕ್ಕೆ ಒಂದು ಹಳೇ ಪರೀಕ್ಷೆ ಇದೆ: ಚೆನ್ನಾಗಿ ಕಾದ ಹಂಚಿನ ಮೇಲೆ ಒಂದು ಹನಿ ಬಿಡೋದು. ಬರೀ ಆಯಿಲ್ ಆದ್ರೆ ಸುಮ್ಮನೆ ಹರಡಿ ಹೊಗೆ ಬಿಡುತ್ತೆ, ನೀರಿದ್ರೆ ಸಾಸಿವೆ ಒಗ್ಗರಣೆ ಥರ ಚಟಪಟ ಅನ್ನುತ್ತೆ. ಸಾವಿರಕ್ಕೆ ಒಂದು ಪಾಲು ನೀರಿದ್ರೂ ಗೊತ್ತಾಗುತ್ತೆ. ನಾನು ಹಳೇದು ಅಂತ ತಗೊಂಡ ಹಂಚು ಹಳೇದಾಗಿರ್ಲಿಲ್ಲ, ರೊಟ್ಟಿ ಹಂಚು. ಹೊರಗೆ ಇಟ್ಟಿಗೆ ಒಲೆ ಮೇಲೇ ಇಟ್ಟಿದ್ದೆ, ಆದ್ರೂ ಗೇರ್ ಆಯಿಲಲ್ಲಿರೋ ಗಂಧಕದ ವಾಸನೆ ಅಡುಗೆಮನೆವರೆಗೂ ಹೋಯ್ತು. ಕೊಳೆತ ಮೊಟ್ಟೆ, ಸುಟ್ಟ ಬೆಳ್ಳುಳ್ಳಿ ಎರಡೂ ಸೇರಿದಂಗೆ. ಮನೆಯವಳು ಬಂದು ಹಂಚು ನೋಡಿದ್ಲು, ನನ್ನ ನೋಡಿದ್ಲು, "ಇವತ್ತ ರೊಟ್ಟಿ ಹೋಟೆಲ್ಲಿಂದ ತರ್ರಿ, ಹಂಚೂ ತರ್ರಿ" ಅಂದು ಒಳಗೆ ಹೋದ್ಲು. ಹನಿ ಮಾತ್ರ ಚಟಪಟ ಅಂದಿತ್ತು. ಜೋರಾಗೇ.

ಹಿಂದಿನ ಹೌಸಿಂಗಿನ ಆಯಿಲ್ ಬೇರೆ ಕತೆ. ನೀರಿಲ್ಲ, ಆದ್ರೆ ಗಟ್ಟಿ, ಕಾಕಂಬಿ ಥರ ಎಳೆ ಎಳೆಯಾಗಿ ಇಳೀತು. ಆಯಿಲ್ ಬಿಡೋ ಕೆಳಗಿನ ನಟ್ಟಿನ, ಅಂದ್ರೆ ಡ್ರೇನ್ ನಟ್ಟಿನ ತುದೀಲಿ ಮ್ಯಾಗ್ನೆಟ್ ಇದೆ, ಅದರ ಮೇಲೆ ಕಾಡಿಗೆ ಥರ ಬೂದು ಬಣ್ಣದ ಪೇಸ್ಟ್ ಇರ್ಬೇಕು, ಇದ್ದೇ ಇರುತ್ತೆ, ಹಲ್ಲಿಗೆ ಹಲ್ಲು ಉಜ್ಜೋ ಕಡೆ ಅಷ್ಟು ಸವೆತ ಇಲ್ಲದೆ ಆಗಲ್ಲ. ಎರಡು ಬೆರಳಲ್ಲಿ ಉಜ್ಜಿದ್ರೆ ನುಣ್ಣಗೆ ಜಾರಿದ್ರೆ ನಿಶ್ಚಿಂತೆ. ನನಗೆ ಬೆರಳಿಗೆ ಚುಚ್ಚಿತು. ಪೇಸ್ಟನ್ನ ಪೆಟ್ರೋಲಲ್ಲಿ ತೊಳೆದು ಬಿಳಿ ಹಾಳೆ ಮೇಲೆ ಹರಡಿದೆ. ಸೂಜಿ ಮೊನೆಯಷ್ಟಿರೋ ಚೂರು ಹತ್ತಿಪ್ಪತ್ತು, ಮಧ್ಯೆ ಅಕ್ಕಿ ನುಚ್ಚಿನಷ್ಟು ದೊಡ್ಡ ಎರಡು ಚಕ್ಕೆ. ಆ ಚಕ್ಕೆಗಳನ್ನ ನಾನು ತುಂಬಾ ಹೊತ್ತು ನೋಡಿದೆ. ಒಂದು ಮಗ್ಗುಲು ಕನ್ನಡಿ ಥರ ಹೊಳಪು, ತಿರುಗಿಸಿದ್ರೆ ಇನ್ನೊಂದು ಮಗ್ಗುಲು ಒಡೆದ ಕಲ್ಲಿನಂಗೆ ತರಿತರಿ. ಹೊಳಪಿನ ಮಗ್ಗುಲು ಅಂದ್ರೆ ರೋಲರ್ ಓಡಾಡ್ತಿದ್ದ ದಾರಿ. ಭಾರ ತಡೆದು ತಡೆದು ಉಕ್ಕಿನ ಮೈಯೊಳಗೆ ಸಣ್ಣ ಬಿರುಕು ಬಿಟ್ಟು, ಮೇಲಿನ ಪದರ ಹಕ್ಕಳೆ ಥರ ಎದ್ದು ಬಂದಿದೆ. ಇದು ಒಂದು ದಿನದ ಕೆಲಸ ಅಲ್ಲ. ವರ್ಷಗಟ್ಟಲೆದು.

ಅಷ್ಟು ಸಾಕಿತ್ತು ನನಗೆ. ಗಾಡಿ ಕೊಟ್ಟವನಿಗೆ ವಾಟ್ಸಾಪಲ್ಲಿ ಮೆಸೇಜ್ ಟೈಪ್ ಮಾಡೋಕೆ ಶುರು ಮಾಡಿದೆ. ಹದಿನೈದು ಸಾಲು. "ನಂಬಿ ತಗೊಂಡಿದ್ದಕ್ಕೆ" ಅಂತ ಶುರುವಾಗಿ "ದೇವ್ರು ನೋಡ್ಕೋತಾನೆ" ಅಂತ ಮುಗಿಯೋ ಥರದ್ದು. ಕಳಿಸೋಕೆ ಮುಂಚೆ ಫೋಟೋ ಇರ್ಲಿ, ಮಿಸ್ತ್ರಿ ಬಾಯಲ್ಲೂ ಒಂದು ಮಾತು ಬರ್ಲಿ, ಸಾಕ್ಷಿ ಗಟ್ಟಿ ಆಗ್ಲಿ ಅಂತ ಸೇವ್ ಮಾಡ್ಕೊಂಡು, ಹೌಸಿಂಗ್‌ಗಳಿಗೆ ಸದ್ಯಕ್ಕೆ ಆಯಿಲ್ ತುಂಬ್ಕೊಂಡು, ನಾಲ್ಕು ಡಬ್ಬಿ ಹಾಲಿನ ಕ್ರೇಟಲ್ಲಿ ಇಟ್ಕೊಂಡು ಸೋಮವಾರ ಕೌಲ್ ಬಜಾರ್ ಕಡೆ ಹೊರಟೆ.

ಅಲ್ಲೊಂದು ಶೆಡ್ ಇದೆ, ಬೋರ್ಡಿಲ್ಲ. ಚಾಚಾ ಅಂತಲೇ ಎಲ್ಲರೂ ಕರೆಯೋದು. ಗಣಿ ಜೋರಾಗಿದ್ದ ಕಾಲದಲ್ಲಿ ಜೀಪು, ಟಿಪ್ಪರು ರಾತ್ರಿಹಗಲು ಬಿಚ್ಚಿ ಕಟ್ಟಿದ ಕೈ, 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರೀಲಿ ಗಣಿ ನಿಲ್ಲಿಸಿದ ಮೇಲೆ ಸುತ್ತಮುತ್ತ ಎಷ್ಟೋ ಶೆಡ್ ಮುಚ್ಚಿದ್ವು, ಇವರದ್ದು ಉಳೀತು. ನನ್ನ ಕ್ರೇಟ್ ನೋಡಿ ನಗ್ಲಿಲ್ಲ ಅವರು. "ಬರೋವಾಗ ಎಲ್ಲರೂ ಸೌಂಡ್ ತರ್ತಾರ, ನೀವು ಆಯಿಲ್ ತಂದೀರಿ ಡ್ರಿಪ್ ಸಾರ್, ಕುಂದರ್ರಿ" ಅಂದ್ರು. ಒಂದೊಂದು ಡಬ್ಬೀನೂ ಮೂಗಿನ ಹತ್ರ ಹಿಡಿದು, ಬೆರಳು ಅದ್ದಿ, ಬಿಸಿಲಿಗೆ ಓರೆ ಮಾಡಿ ನೋಡಿದ್ರು. ನಮ್ಮಪ್ಪ ಎತ್ತು ಮೇವು ಬಿಟ್ರೆ ಮೊದಲು ಹೋಗಿ ಸಗಣಿ ನೋಡ್ತಿದ್ದ, ಥೇಟ್ ಅದೇ ಮುಖ.

ಗಾಡಿ ಹಿಂದೆ ಜಾಕ್ ಕೊಟ್ಟು ಎರಡೂ ಚಕ್ರ ಎತ್ತಿದ್ರು. ಚಕ್ರ ಕೈಯಲ್ಲಿ ತಿರುಗಿಸ್ತಾ ಒಂದು ಉದ್ದ ಸ್ಕ್ರೂಡ್ರೈವರ್ ಹಿಡಿಕೆ ಕಿವಿಗೆ, ತುದಿ ಹೌಸಿಂಗ್ ಮೂತಿಗೆ. ಆಮೇಲೆ ಶಾಫ್ಟ್ ಬಂದು ಸೇರೋ ಫ್ಲ್ಯಾಂಜ್ ಹಿಡ್ಕೊಂಡು ಎರಡು ಥರ ಅಲ್ಲಾಡಿಸಿದ್ರು. ತಿರುಗಿಸೋ ಕಡೆ ಸ್ವಲ್ಪ ಪ್ಲೇ ಇರ್ಲೇಬೇಕು, ಹಲ್ಲಿಗೂ ಹಲ್ಲಿಗೂ ಮಧ್ಯೆ ಆಯಿಲ್ ನಿಲ್ಲೋಕೆ ಸಂದು ಬೇಕಲ್ಲ. ಇಂಥ ಸಣ್ಣ ಹೌಸಿಂಗಲ್ಲಿ ಅದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಒಂದೂವರೆ ಭಾಗ, ಅಷ್ಟೇ. ಆದ್ರೆ ಮೇಲೆ ಕೆಳಗೆ ಅಲ್ಲಾಡಿಸಿದ್ರೆ ಒಂಚೂರೂ ಅಲ್ಲಾಡಬಾರ್ದು. ನನ್ನ ಗಾಡೀದು ಟಕ್ ಟಕ್ ಅಂತು. ನನ್ನ ಕೈಯನ್ನೇ ಹಿಡಿದು ಅದರ ಮೇಲೆ ಇಡಿಸಿದ್ರು. "ಪಿನಿಯನ್ ಬೇರಿಂಗ್. ಕೈಗೆ ಹೇಳ್ತೈತಿ ನೋಡ್ರಿ." ಪಿನಿಯನ್ ಅಂದ್ರೆ ಶಾಫ್ಟಿನ ತುದೀಲಿರೋ ಚಿಕ್ಕ ಗೇರು, ಅದು ತಿರುಗಿಸೋ ದೊಡ್ಡ ಗೇರೇ ಕ್ರೌನು.

ಆಕ್ಸಲ್ ಶಾಫ್ಟ್ ಜಗ್ಗಿ ಹೌಸಿಂಗ್ ಮೂತಿ ಪೂರ್ತಿ ಹೊರಗೆ ತೆಗೆದು ಬೆಂಚ್ ಮೇಲೆ ಇಟ್ಟಾಗ ಒಳಗಿನ ಮೂಲೇಲಿ ಏನೋ ಹಳದಿ ಮುದ್ದೆ. ಗ್ರೀಸು! ಗೇರ್ ಆಯಿಲ್ ಇರೋ ಕಡೆ ಗ್ರೀಸ್ ಯಾಕಪ್ಪ ಅಂದ್ರೆ, ಮಾರೋವಾಗ ಕೊರೆಯೋ ಸೌಂಡ್ ಮುಚ್ಚೋಕೆ ಗಟ್ಟಿ ಆಯಿಲ್ ಜೊತೆ ಗ್ರೀಸ್ ತುರುಕೋದು ಹಳೇ ಕಸುಬು. ಒಂದಷ್ಟು ದಿನ ಗಾಡಿ ಬೆಣ್ಣೆ ಥರ ಓಡುತ್ತೆ. ಆದ್ರೆ ಗ್ರೀಸು ಚಿಮ್ಮಲ್ಲ, ಹರಿಯಲ್ಲ, ಪಿನಿಯನ್ ಬೇರಿಂಗ್‌ಗೆ ಆಯಿಲ್ ಹೋಗೋ ದಾರೀಲೇ ಮುದ್ದೆಯಾಗಿ ಕೂತ್ಕೊಳ್ಳುತ್ತೆ. ಆ ಮುದ್ದೆಯೊಳಗೆ ಚಾಚಾ ಸ್ಕ್ರೂಡ್ರೈವರ್ ಆಡಿಸಿದ್ರು, ಅದರಲ್ಲೂ ಚಕ್ಕೆಗಳು ಹೂತ್ಕೊಂಡಿದ್ವು. ನಾನು ಒಳಗೊಳಗೇ ಖುಷಿ ಪಟ್ಟೆ, ಸುಳ್ಳು ಯಾಕೆ ಹೇಳ್ಲಿ. ಫೋಟೋ ಮೇಲೆ ಫೋಟೋ ಹೊಡೆದೆ.

"ಇದು ನೀವು ತಗೊಂಡಾಗಿಂದ ಐತಿ" ಅಂದ್ರು ಚಾಚಾ. ಹೂಂ ಅಂದೆ. "ಎಷ್ಟ್ ಸಲ ಆಯಿಲ್ ಬದಲಿ ಮಾಡ್ಸೀರಿ?" ಮೂರು. "ಮೂರು ಸಲಾನೂ ಇದೇ ನಟ್ ಬಿಚ್ಚ್ಯಾರಲ್ಲ. ಮೂರು ಸಲಾನೂ ಇದು ಹೇಳೈತಿ ನಿಮಗ." ಅದಕ್ಕೆ ನಾನೇನೂ ಹೇಳ್ಲಿಲ್ಲ, ಎದುರು ಅಂಗಡಿ ಮಿರ್ಚಿ ನೆನಪಾಯ್ತು.

ಆಮೇಲೆ ಮುಂದಿನ ಹೌಸಿಂಗ್. ಇದರ ಸರದಿ ಬಂದಾಗ ಕೇಳಿದ್ರು, ನೀರಾಗ ಯಾವಾಗ ಇಳ್ಸಿದ್ರಿ ಅಂತ. ಯಾವಾಗ್ಲೂ ಇಲ್ಲ ಅಂತಿದ್ದೆ, ಅಷ್ಟರಲ್ಲಿ ನೆನಪಾಯ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯ್ತಲ್ಲ, ಆ ವಾರ. 33 ಗೇಟಲ್ಲಿ ಒಂದು ಹೋಗಿದ್ದಕ್ಕೆ ಎರಡನೇ ಬೆಳೆಗೆ ನೀರು ಸಿಗುತ್ತೋ ಇಲ್ವೋ ಅಂತ ಊರೂರಲ್ಲಿ ಅದೇ ಮಾತು, ನನಗೆ ಒಂದು ದಿನಕ್ಕೆ ನಲವತ್ತು ಫೋನು. ನಾನು ಸಂಡೂರ್ ಕಡೆ ಒಂದು ಹೊಲಕ್ಕೆ ಹೋಗ್ತಾ, ಗುಡ್ಡದ ಇಳಿಜಾರಲ್ಲಿ ಫೋರ್ ವೀಲ್ ಹಾಕ್ಕೊಂಡು ಒಂದು ಗಂಟೆ ಗುದ್ದಾಡಿಸಿ, ಹಂಗೇ ಬಿಸಿಬಿಸಿ ಗಾಡೀನ ಹಳ್ಳಕ್ಕೆ ಇಳಿಸಿದೆ. ಮುಂದಿನ ಚಕ್ರ ಅರ್ಧ ಮುಳುಗಿದಾಗ ಫೋನ್ ಬಂತು. ನಿಲ್ಲಿಸಿ ಮಾತಾಡಿದೆ. ಹೌದು, ನೀರಲ್ಲೇ ನಿಲ್ಲಿಸಿ. ಹತ್ತು ನಿಮಿಷ. ಆಮೇಲೆ ಮುಂದೆ ಆಳ ಇದೆ ಅನ್ನಿಸಿ ರಿವರ್ಸ್ ತಗೊಂಡು ಬಂದೆ.

ಆ ಹತ್ತು ನಿಮಿಷದಲ್ಲಿ ಆಗಿದ್ದೇನು ಅಂತ ಈಗ ಲೆಕ್ಕ ಹಾಕಿದ್ರೆ ಹೊಟ್ಟೆ ಉರಿಯುತ್ತೆ. ಹೌಸಿಂಗ್ ಒಳಗೆ ಪೂರ್ತಿ ಆಯಿಲ್ ಇರಲ್ಲ, ಮೇಲೆ ಗಾಳಿ ಇರುತ್ತೆ. ಎರಡು ಲೀಟರ್ ಗಾಳಿ ಅಂದ್ಕೊಳ್ಳಿ, 80 ಡಿಗ್ರಿ ಕಾದಿದ್ದು 30ಕ್ಕೆ ಇಳಿದ್ರೆ ಕುಗ್ಗೋದು ನೂರಕ್ಕೆ ಹದಿನಾಲ್ಕು ಪಾಲು, ಅಂದ್ರೆ ಕಾಲು ಲೀಟರಿಗಿಂತ ಜಾಸ್ತಿ ಜಾಗ ಖಾಲಿ. ಆ ಜಾಗ ತುಂಬೋಕೆ ಗಾಳಿ ಒಳಗೆ ಬರ್ಲಿ ಅಂತಲೇ ಹೌಸಿಂಗ್ ತಲೆ ಮೇಲೆ ಒಂದು ಸಣ್ಣ ಬ್ರೀದರ್ ಇಟ್ಟಿರ್ತಾರೆ. ಅದು ನೀರಲ್ಲಿ ಮುಳುಗಿದ್ರೆ ನೀರು ಹೀರುತ್ತೆ. ಮಣ್ಣಲ್ಲಿ ಮುಚ್ಚಿಹೋಗಿದ್ರೆ? ಆಗ ಆಯಿಲ್ ಸೀಲಿನ ತುಟಿ ಸಂದಿಯಿಂದ ಎಳ್ಕೊಳ್ಳುತ್ತೆ, ಆ ತುಟಿ ಒಳಗಿನ ಆಯಿಲ್ ತಡೆಯೋಕೆ ಇರೋದು, ಹೊರಗಿನ ನೀರು ತಡೆಯೋಕಲ್ಲ. ನನ್ನ ಬ್ರೀದರ್ ಅನ್ನ ಚಾಚಾ ಪಿನ್ನಲ್ಲಿ ಚುಚ್ಚಿದಾಗ ಸಂಡೂರಿನ ಕೆಂಪು ಮಣ್ಣು ಬಿರಡೆ ಥರ ಹೊರಗೆ ಬಂತು. ಮುಂದಿನ ಚಕ್ರದಲ್ಲಿ ಆಯಿಲ್ ಸೋರುತ್ತೆ ಅಂತ ನಾನು ಎರಡು ಸಲ ಸೀಲ್ ಹಾಕ್ಸಿದ್ದೆ, ಸೀಲೇ ಡೂಪ್ಲಿಕೇಟು ಅಂತ ಅಂಗಡಿಯವನ ಜೊತೆ ಜಗಳ ಕೂಡ ಆಡಿದ್ದೆ. ಸೀಲ್ ಸರಿಯಾಗೇ ಇತ್ತು. ಮೇಲೆ ಉಸಿರಾಡೋ ತೂತು ಮುಚ್ಚಿದ್ರೆ ಬಿಸಿಯಾದ ಗಾಳಿ ಆಯಿಲನ್ನ ಎಲ್ಲಿ ಸಡಿಲ ಇದೆಯೋ ಅಲ್ಲಿಂದ ತಳ್ಳುತ್ತೆ, ತಣ್ಣಗಾದಾಗ ಅಲ್ಲಿಂದಲೇ ನೀರು ಎಳೆಯುತ್ತೆ. ಐವತ್ತು ರೂಪಾಯಿ ಪೈಪ್ ಹಾಕಿ ಬ್ರೀದರನ್ನ ಬಾನೆಟ್ ಎತ್ತರಕ್ಕೆ ಒಯ್ದಿದ್ರೆ ಮುಗೀತಿತ್ತು. ಪೈಪಿನ ವ್ಯಾಪಾರ ಮಾಡೋನು ನಾನು.

ಒಳಗಿನ ಕೆಂಪು ಮಾತ್ರ ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ಆಟ ಆಡಿಸ್ತು. ಬೇರೆ ಊರಲ್ಲಾದ್ರೆ ಹೌಸಿಂಗ್ ಒಳಗೆ ಕೆಂಪು ಕಂಡ್ರೆ ತುಕ್ಕು, ಮುಗೀತು. ನಮ್ಮ ಕಡೆ ಹಂಗಲ್ಲ. ಸಂಡೂರಿನ ಅದಿರಿನ ಧೂಳೂ ಐರನ್ ಆಕ್ಸೈಡು, ತುಕ್ಕೂ ಐರನ್ ಆಕ್ಸೈಡು, ಬಣ್ಣದಲ್ಲಿ ಅಣ್ಣತಮ್ಮಂದಿರು. ಬಂಗಾರದ ಅಂಗಡಿಯವರು ಪಾಲಿಶ್‌ಗೆ ಬಳಸೋ ಕೆಂಪು ಪುಡೀನೂ ಅದೇ ಜಾತಿ. ಅಂದ್ರೆ ಧೂಳು ಒಳಗೆ ಹೋದ್ರೆ ಗೇರಿನ ಹಲ್ಲನ್ನ ದಿನಾ ಪಾಲಿಶ್ ಮಾಡ್ತಾ ಕೂತಿರುತ್ತೆ ಅಂತ ಲೆಕ್ಕ. ಚಾಚಾ ಬಟ್ಟೆ ತಗೊಂಡು ಡೀಸೆಲ್ ಅದ್ದಿ ಕ್ರೌನ್ ಒರೆಸಿದ್ರು. ಮೇಲಿನ ಅರ್ಧದಲ್ಲಿ ಕೆಂಪು ಬಟ್ಟೆಗೆ ಬಂತು, ಅದರಡಿ ಉಕ್ಕು ಫಳಫಳ ಹೊಳೀತು. ಅದು ಮಣ್ಣು. ಕೆಳಗಿನ ಭಾಗದಲ್ಲಿ ಕೆಂಪು ಬಟ್ಟೆಗೆ ಬಂತು, ಆದ್ರೆ ಉಕ್ಕಿನ ಮೈ ಮೇಲೆ ಸಿಡುಬಿನ ಕಲೆ ಥರ ಕಪ್ಪು ಗುಳಿ ಉಳೀತು. ಅದು ತುಕ್ಕು. ಎರಡರ ಮಧ್ಯೆ ಗೆರೆ ಎಳೆದಂಗೆ ಒಂದು ಅಂಚು.

ಆ ಗೆರೆ ಮೇಲೆ ಬೆರಳಿಟ್ಟು ಚಾಚಾ ಕೇಳಿದ್ರು, "ನೀರಿಂದ ಬಂದ ಮ್ಯಾಗ ಗಾಡಿ ಎಷ್ಟ್ ದಿನ ನಿಂತಿತ್ತು?"

ಎರಡು ತಿಂಗಳು. ಅಪ್ಪನ ಕಣ್ಣಿನ ಆಪರೇಷನ್ನು, ಆಮೇಲೆ ಮಳೆ, ಆಮೇಲೆ ಬ್ಯಾಟರಿ ಡೌನು. ಗಾಡಿ ಟಾರ್ಪಾಲ್ ಕೆಳಗೆ ನಿಂತಲ್ಲೇ ನಿಂತಿತ್ತು. ಆಯಿಲ್‌ಗಿಂತ ನೀರು ಭಾರ, ಕೆಳಗೆ ಇಳಿದು ಕೂತ್ಕೊಳ್ತು, ಅದರಲ್ಲಿ ಮುಳುಗಿದ್ದ ನಾಲ್ಕೈದು ಹಲ್ಲು ಅಲುಗಾಡದೇ ಎರಡು ತಿಂಗಳು ನೆನೀತಾ ಇತ್ತು. ಓಡ್ತಾ ಇದ್ದಿದ್ರೆ ತುಕ್ಕು ಎಲ್ಲಾ ಕಡೆ ಚದುರಿ ಇರ್ತಿತ್ತು, ಗೆರೆ ಇರ್ತಿರ್ಲಿಲ್ಲ. ಆ ಗೆರೆ ಅಂದ್ರೆ ಡೇಟ್ ಹಾಕಿ ಸೈನ್ ಮಾಡಿದಂಗೆ, ಅದೂ ನನ್ನ ಸೈನು. ನೀರಿಂದ ಬಂದ ದಿನವೇ ಡ್ರೇನ್ ನಟ್ ಬಿಚ್ಚಿದ್ರೆ ಒಂದೂಮುಕ್ಕಾಲು, ಎರಡು ಲೀಟರ್ ಆಯಿಲಲ್ಲಿ ಮುಗಿಯೋ ಮಾತು.

ಗೇರ್ ಬಾಕ್ಸಿನ ಡಬ್ಬಿಯ ಸರದಿ ಬಂದಾಗ ನಾನು ಆಗ್ಲೇ ಅರ್ಧ ಸೋತಿದ್ದೆ. ಬಿಸಿಲಿಗೆ ಹಿಡಿದ್ರೆ ಆಯಿಲೊಳಗೆ ಬಂಗಾರದ ಪುಡಿ ತೇಲ್ತಾ ಮಿಣಿಮಿಣಿ ಮಿಂಚ್ತಿದೆ, ನೋಡೋಕೆ ಚಂದ. ಚಾಚಾ ಹತ್ರ ಕೆಲಸ ಮಾಡೋ ಹುಡುಗ ಲಿಂಗಸುಗೂರ್ ಕಡೆಯವನು, "ನಮ್ ಹಟ್ಟಿ ಗಣಿ ಇಲ್ಲೇ ಐತಲ್ರಿ ಸಾರ್" ಅಂದ. ಮ್ಯಾಗ್ನೆಟ್ ಆಡಿಸಿದ್ರೆ ಬಂಗಾರ ಮಾತ್ರ ಅಲ್ಲಾಡ್ಲಿಲ್ಲ. ಹಿತ್ತಾಳೆ. ಗೇರ್ ಹಾಕೋವಾಗ ಎರಡು ಗೇರಿನ ವೇಗ ಸಮ ಮಾಡೋಕೆ ಒಳಗೆ ಹಿತ್ತಾಳೆ ಜಾತಿಯ ಸಿಂಕ್ರೋ ರಿಂಗ್ ಇರುತ್ತೆ, ಅದು ಸವೀತಾ ಇದೆ. ಯಾವ ಆಯಿಲ್ ಹಾಕಿದ್ರಿ ಅಂದ್ರು. ಕಂಪನಿ ಒಳ್ಳೇದೇ, ಜಿಎಲ್-5 ಅಂದೆ ಹೆಮ್ಮೆಯಿಂದ, ಗೇರ್ ಆಯಿಲ್ ದರ್ಜೆಯ ನಂಬರ್ ಅದು. ಜಿಎಲ್-4ಕ್ಕಿಂತ 5 ದೊಡ್ಡ ನಂಬರ್ ತಾನೇ, ಐದು ಲೀಟರ್ ಕ್ಯಾನ್ ತಗೊಂಡು ಹೋಗಿ ನಾಲ್ಕೂ ಡಬ್ಬಕ್ಕೆ ಇದೇ ಹಾಕಪ್ಪ ಅಂತ ಹುಡುಗನಿಗೆ ನಾನೇ ಹೇಳಿದ್ದೆ. ಕ್ರೌನ್ ಪಿನಿಯನ್ ಇರೋ ಹೌಸಿಂಗ್‌ಗೆ ಜಿಎಲ್-5 ಬೇಕು, ಅಲ್ಲಿ ಹಲ್ಲು ಹಲ್ಲಿನ ಮೇಲೆ ಜಾರ್ತಾ ಭಾರ ಹೊರುತ್ತೆ, ಅದಕ್ಕೆ ಗಂಧಕ, ರಂಜಕದ ಮದ್ದು ಹೆಚ್ಚು ಹಾಕಿರ್ತಾರೆ, 4ರಲ್ಲಿರೋದ್ರ ಹೆಚ್ಚುಕಮ್ಮಿ ಎರಡರಷ್ಟು. ಅದೇ ಮದ್ದು ಕೆಲವು ಆಯಿಲಲ್ಲಿ ಹಿತ್ತಾಳೇನ ತಿನ್ನುತ್ತೆ, ಮೇಲಿಂದ ಜಾರಿಕೆ ಜಾಸ್ತಿ ಆಗಿ ಸಿಂಕ್ರೋ ಹಿಡಿತ ಸಿಗದೆ ಗೇರ್ ಕರ್ ಅನ್ನುತ್ತೆ. ನನಗೆ ಥರ್ಡ್ ಗೇರ್ ವರ್ಷದಿಂದ ಕರ್ ಅಂತಿತ್ತು. ಕ್ಲಚ್ ಅಂದ್ಕೊಂಡು ಪ್ಲೇಟ್ ಬದಲಾಯಿಸಿದ್ದೆ.

ಟ್ರಾನ್ಸ್‌ಫರ್ ಕೇಸಿನ ಆಯಿಲ್ ಕಪ್ಪು, ಸ್ವಲ್ಪ ಸುಟ್ಟ ವಾಸನೆ, ಮ್ಯಾಗ್ನೆಟ್ಟಲ್ಲಿ ಪೇಸ್ಟ್ ಜಾಸ್ತಿ ಆದ್ರೆ ಚಕ್ಕೆ ಇಲ್ಲ. ಅಕ್ಕನ ಮಗ ಒಂದ್ಸಲ ಸಂಡೂರಿಂದ ಬಳ್ಳಾರಿವರೆಗೂ ಡಾಂಬರ್ ಮೇಲೆ ಫೋರ್ ಹೈನಲ್ಲೇ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಗೇರು) ಬಂದಿದ್ದ, ಸ್ಟೇರಿಂಗ್ ಗಟ್ಟಿ ಮಾವ ಅಂದಿದ್ದ. ಇಂಥ ಗಾಡೀಲಿ ಮುಂದಕ್ಕೂ ಹಿಂದಕ್ಕೂ ಮಧ್ಯೆ ವೇಗದ ವ್ಯತ್ಯಾಸ ಸರಿದೂಗಿಸೋ ಡಿಫರೆನ್ಷಿಯಲ್ ಇರಲ್ಲ, ತಿರುವಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಓಡ್ಬೇಕು, ಮಣ್ಣಲ್ಲಾದ್ರೆ ಟೈರ್ ಜಾರಿ ಲೆಕ್ಕ ಸರಿ ಮಾಡ್ಕೊಳ್ಳುತ್ತೆ, ಡಾಂಬರಲ್ಲಿ ಜಾರೋಕಾಗದೆ ಆ ತಿರುಚು ಎಲ್ಲಾ ಶಾಫ್ಟು ಗೇರುಗಳ ಮೇಲೆ ಬೀಳುತ್ತೆ. ಅವನಿಗೆ ಹೇಳ್ಲಿಲ್ಲ ನಾನು. ಹೇಳೋ ಮುಖ ಇರ್ಲಿಲ್ಲ.

ರಿಪೇರಿ ಐದು ದಿನ. ಹಿಂದಿನ ಪಿನಿಯನ್ ಬೇರಿಂಗ್ ಎರಡೂ ಹೊಸದು. ಕ್ರೌನಿನ ಹಲ್ಲು ಬಚಾವಾಗಿತ್ತು, ಅದು ದೊಡ್ಡ ಪುಣ್ಯ, ಯಾಕಂದ್ರೆ ಕ್ರೌನು ಪಿನಿಯನ್ನು ಜೋಡಿಯಾಗೇ ಉಜ್ಜಿ ತಯಾರಾಗಿರೋದು, ಒಂದು ಹೋದ್ರೆ ಎರಡೂ ಬದಲಾಯಿಸ್ಬೇಕು. ಕೂರಿಸೋವಾಗ ಹಲ್ಲು ಎಲ್ಲಿ ತಾಗುತ್ತೆ ಅಂತ ನೋಡೋಕೆ ಚಾಚಾ ಒಂದು ಪ್ಯಾಕೆಟ್ ಬಿಚ್ಚಿದ್ರು, ನೋಡಿದ್ರೆ ಆಂಜನೇಯನಿಗೆ ಹಚ್ಚೋ ಸಿಂಧೂರ! ದುರ್ಗಮ್ಮನ ಗುಡಿ ಹತ್ರ ಸಿಗುತ್ತಂತೆ. ಎಣ್ಣೇಲಿ ತೆಳ್ಳಗೆ ಕಲಸಿ ಬ್ರಶ್ಶಲ್ಲಿ ಹಲ್ಲಿಗೆ ಬಳಿದು, ಕ್ರೌನಿಗೆ ಒಂದು ಮರದ ತುಂಡು ಒತ್ತಿ ಹಿಡಿದು ಭಾರ ಕೊಟ್ಟು ಪಿನಿಯನ್ ತಿರುಗಿಸಿದ್ರು. ತಾಗಿದ ಕಡೆ ಸಿಂಧೂರ ಒರೆಸಿಹೋಗಿ ಉಕ್ಕು ಕಾಣುತ್ತೆ. ಮೊದಲ ಸಲ ಕಲೆ ಹಲ್ಲಿನ ಬುಡಕ್ಕೆ ಬಿತ್ತು, ಪಿನಿಯನ್ ಹಿಂದಿನ ಶಿಮ್, ಅಂದ್ರೆ ಸಂದು ಸರಿ ಮಾಡೋ ಬಿಲ್ಲೆ, ತೆಳ್ಳಂದು ಹಾಕಿದ್ರು. ಮತ್ತೆ ಬಳಿದು ತಿರುಗಿಸಿದ್ರು, ಇನ್ನೂ ಸ್ವಲ್ಪ ಕೆಳಗೆ. ಮತ್ತೆ ಬಿಚ್ಚಿದ್ರು. ನಾಲ್ಕನೇ ಸಲಕ್ಕೆ ಹಲ್ಲಿನ ನಡುಮಧ್ಯೆ ಬಾದಾಮಿ ಆಕಾರದಲ್ಲಿ ಕಲೆ ಬಿತ್ತು. "ಈಗ ಸುಮ್ಮನ ಇರ್ತೈತಿ" ಅಂದ್ರು. ಹತ್ತಿರದ ಮಸೀದೀಲಿ ಅಜಾನ್ ಕೂಗ್ತಿತ್ತು, ಅವರ ಬೆರಳೆಲ್ಲಾ ಸಿಂಧೂರ, ಸೋಪು ಹಾಕಿ ಉಜ್ಜಿ ಉಜ್ಜಿ ತೊಳ್ಕೊಂಡು ಹೋದ್ರು.

ಮುಂದಿನದಕ್ಕೆ ಬೇರಿಂಗ್ ಬದಲಾಯಿಸಿ, ಗುಳಿ ಬಿದ್ದ ಹಲ್ಲು ಹಂಗೇ ಬಿಟ್ಟು, ಬ್ರೀದರ್‌ಗೆ ನನ್ನದೇ ಅಂಗಡಿ ಪೈಪ್ ಎಳೆದು ಬಾನೆಟ್ ಒಳಗೆ ಕಟ್ಟಿದ್ವಿ. ಎಲ್ಲಾ ಸೇರಿ 14 ಸಾವಿರ ಚಿಲ್ಲರೆ, ಹಂಚು ಬೇರೆ. ಐನೂರು ಕಿಲೋಮೀಟರ್ ಓಡಿಸಿ ಆಯಿಲ್ ಮತ್ತೆ ತೆಗೆದು ನೋಡ್ರಿ, ಹೊಸ ಬೇರಿಂಗ್ ಮೊದಲು ಸ್ವಲ್ಪ ಪುಡಿ ಬಿಡ್ತೈತಿ, ಮೂಲೇಲಿ ಉಳಿದ ನೀರೂ ಬರ್ತೈತಿ ಅಂದಿದ್ರು. ಹೋದ ವಾರ ತೆಗೆದೆ. ಹಿಂದಿನದು ಜೇನು, ನಟ್ ಮೇಲೆ ತೆಳ್ಳಗೆ ಕಾಡಿಗೆ, ಬೆರಳಿಗೆ ಚುಚ್ಚಲ್ಲ. ಮುಂದಿನದು ಇನ್ನೂ ಸ್ವಲ್ಪ ಮಬ್ಬು, ಇನ್ನೊಂದು ಸಲ ಬದಲಾಯಿಸ್ಬೇಕು. ಹಳೇ ಆಯಿಲ್ ಹಸುವಿನ ಕೊಟ್ಟಿಗೆ ಕಂಬಕ್ಕೆ ಬಳಿಯೋಕೆ ಅಂತ ಪಕ್ಕದೋರು ಕೇಳಿದ್ರು, ಗೆದ್ದಲು ಬರಲ್ವಂತೆ. ಹಸು ನೆಕ್ಕಿದ್ರೆ ಕಷ್ಟ ಅಂತ ಕೊಡದೆ ಹಳೇ ಆಯಿಲ್ ತಗೊಳ್ಳೋನಿಗೆ ಹಾಕ್ದೆ.

ಆ ಹದಿನೈದು ಸಾಲಿನ ಮೆಸೇಜ್ ಇನ್ನೂ ಡ್ರಾಫ್ಟಲ್ಲಿದೆ. ಮುಂದಿನ ಹೌಸಿಂಗ್ ಬಗ್ಗೆ ಬರೆದಿದ್ದು ಅಳಿಸಿದೆ. ಗೇರ್ ಬಾಕ್ಸ್ ಬಗ್ಗೆ ಬರೆದಿದ್ದೂ ಅಳಿಸಿದೆ. "ದೇವ್ರು ನೋಡ್ಕೋತಾನೆ" ಅನ್ನೋದನ್ನೂ ತೆಗೆದೆ, ನೋಡ್ಕೊಂಡ್ರೆ ಇಬ್ಬರನ್ನೂ ನೋಡ್ಕೋತಾನೆ. ಈಗ ಉಳಿದಿರೋದು ಗ್ರೀಸಿನ ಫೋಟೋ, ಅದರ ಕೆಳಗೆ ಎರಡು ಸಾಲು.

ಗೇರ್ ಬಾಕ್ಸ್ ಬಿಚ್ಚಿಲ್ಲ. ಜಿಎಲ್-4 ತುಂಬಿಸಿದೀನಿ, ಥರ್ಡ್ ಈಗ ಬೆಳಿಗ್ಗೆ ಹೊತ್ತು ಮಾತ್ರ ಕರ್ ಅನ್ನುತ್ತೆ. ಅದರ ಡಬ್ಬಿ ಕಿಟಕಿಯಲ್ಲಿದೆ, ಬಂಗಾರ ಎಲ್ಲಾ ತಳಕ್ಕೆ ಇಳಿದು ಕೂತಿದೆ. ಸಿಂಕ್ರೋ ರಿಂಗ್ ಸೆಟ್ ಹೇಳಿಟ್ಟಿದೀನಿ, ಸಿರುಗುಪ್ಪ ಕಡೆ ಭತ್ತ ಕೊಯ್ಲು ಮುಗಿದು ರೈತರ ಹತ್ರ ಬರೋ ಬಾಕಿ ಬಂದ್ಮೇಲೆ ಇಳಿಸೋದು ಅಂತ ಚಾಚಾಗೆ ಹೇಳಿದೀನಿ.